ಮುದ್ದೆಮಾಲಿನ ಉಡಿ

ಅಕ್ಕಿಯ ಡಬ್ಬಿಯ ಮುಂದೆ ಧರ್ಮರಾಜ ನಿಂತು ಐದು ನಿಮಿಷವಾಗಿತ್ತು. ಬಚ್ಚಲಲ್ಲಿ ಹೆಂಡತಿ ಯಶೋಧರಾ ಮೈಮೇಲೆ ನೀರು ಹಾಕಿಕೊಳ್ಳುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಲ್ಲುವುದರೊಳಗೆ ಕಾಲು ಕಿಲೋ ಅಕ್ಕಿ ಈ ಡಬ್ಬಿಯಿಂದ ಅವನ ಊಟದ ಡಬ್ಬಿಯ ಮೇಲಿನ ಬಟ್ಟಲಿಗೆ ಬಂದಿರಬೇಕು. ಐವತ್ತೊಂಬತ್ತು ವರ್ಷ ಬದುಕಿ, ಮೂವತ್ತನಾಲ್ಕು ವರ್ಷ ಕೋರ್ಟಿನ ನೌಕರಿ ಮಾಡಿ, ಕಡೆಗೆ ತನ್ನ ಮನೆಯ ಅಕ್ಕಿಯನ್ನು ತಾನೇ ಕದಿಯುವ ಗಳಿಗೆ ಬಂತಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಸಣ್ಣಗೆ ನಗುವೂ ಬಂತು. ಕೇಳಿದರೆ ಅವಳು ಕೊಡುವವಳೇ. ಆದರೆ ಯಾಕೆ ಎಂದೂ ಕೇಳುವವಳು. ಅದಕ್ಕೆ ಉತ್ತರ ಹೇಳಹೊರಟರೆ ಹಳೆಯ ಕೌದಿಯ ದಾರ ಎಳೆದ ಹಾಗೆ ಒಂದರ ಹಿಂದೆ ಒಂದು ಬಿಚ್ಚುತ್ತ ಹೋಗಿ ಏಪ್ರಿಲ್ ತಿಂಗಳ ಆ ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ಅದನ್ನು ಮಾತ್ರ ಅವನು ಹೇಳಲಾರ. ಐದು ಮುಷ್ಟಿ ಅಕ್ಕಿ ತೆಗೆದು ಬಟ್ಟಲಿಗೆ ಹಾಕಿದ. ಒಂದೆರಡು ಕಾಳು ಕಟ್ಟೆಯ ಮೇಲೆ ಚೆಲ್ಲಿದವು. ಒರೆಸಬೇಕು ಅನ್ನುವಷ್ಟರಲ್ಲಿ ಬಚ್ಚಲ ಚಿಲಕ ಸದ್ದಾಯಿತು, ಅವನು ಹೊರಗಿನ ಕೋಣೆಗೆ ಜಾರಿಕೊಂಡು ಅಂಗಿಯ ಗುಂಡಿ ಹಾಕತೊಡಗಿದ.

ವಿಜಯಪುರದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅವನು ಮುದ್ದೆಮಾಲು ಕ್ಲರ್ಕ್. ಪೊಲೀಸರು ಜಪ್ತಿ ಮಾಡಿ ತಂದ ಕುಡುಗೋಲು, ಕಳವಿನ ಪಂಪು, ರಕ್ತದ ಅಂಗಿ, ಎಲ್ಲವೂ ಸೀಲು ಹಾಕಿಸಿಕೊಂಡು, ಚೀಟಿ ಅಂಟಿಸಿಕೊಂಡು ಅವನ ಕೋಣೆಯಲ್ಲಿ ತಮ್ಮ ತಮ್ಮ ತೀರ್ಪಿಗೆ ಕಾಯುತ್ತವೆ. ಹದಿನಾಲ್ಕು ತಿಂಗಳ ಹಿಂದೆ ಅಲ್ಲಿಗೆ ಘೋಣಸಗಿಯಿಂದ ಒಂದು ಬೊಂಬೆ ಬಂತು. ಅಂಗಡಿಯ ಗಾಜಿನ ಹಿಂದೆ ಸೀರೆ ಉಟ್ಟು ನಿಲ್ಲುವ ಗಟ್ಟಿ ಬೊಂಬೆಯಲ್ಲ. ಆಳೆತ್ತರದ, ಮನುಷ್ಯರ ಚರ್ಮದಂತೆ ಒತ್ತಿದರೆ ತಗ್ಗಿ ಮತ್ತೆ ಏಳುವ, ಕಣ್ಣಿಗೆ ರೆಪ್ಪೆ ಇರುವ, ಒಂಟಿ ಗಂಡಸರಿಗೆಂದೇ ಯಾವುದೋ ದೇಶದಲ್ಲಿ ತಯಾರಾಗುವ ಹೆಣ್ಣಿನ ಬೊಂಬೆ. ಇವತ್ತು ಅದರ ತೀರ್ಪು. ಸುಟ್ಟುಹಾಕಿ ಎಂದು ಸರಕಾರಿ ವಕೀಲರ ಅರ್ಜಿ, ನನಗೆ ವಾಪಸು ಕೊಡಿ ಎಂದು ಅದರ ಒಡೆಯನ ಅರ್ಜಿ. ಎರಡರಲ್ಲಿ ಯಾವುದು ಗೆದ್ದರೂ ಧರ್ಮರಾಜನ ಪಾಲಿಗೆ ಕಷ್ಟ ಒಂದೇ. ಪಂಚನಾಮೆಯಲ್ಲಿ ಬರೆದದ್ದನ್ನೆಲ್ಲ ಅವನು ಬರೆದ ಹಾಗೇ ಕೋರ್ಟಿನ ಮುಂದೆ ಇಡಬೇಕು. ಆ ಪಟ್ಟಿಯಲ್ಲಿ ಒಂಬತ್ತನೆಯದು, ಬೊಂಬೆಯ ಉಡಿಯಲ್ಲಿದ್ದ ಅಕ್ಕಿ, ಅಂದಾಜು ಕಾಲು ಕಿಲೋ. ಆ ಅಕ್ಕಿ ಈಗ ಇಲ್ಲ. ಅರ್ಧ ಇಲಿ ತಿಂದವು, ಅರ್ಧವನ್ನು ಅವನೇ ಹೊರಗೆ ಚೆಲ್ಲಿದ. ಚೆಲ್ಲಲು ಕೋರ್ಟಿನ ಅಪ್ಪಣೆಯಿಲ್ಲದೆ ಸೀಲು ಒಡೆದಿದ್ದ. ನಿವೃತ್ತಿಗೆ ಎಂಟು ತಿಂಗಳಿದೆ, ಸೀಲು ಒಡೆದ ಮುದ್ದೆಮಾಲು ಕ್ಲರ್ಕ್ ಎಂದು ಹೆಸರಾದರೆ ಪಿಂಚಣಿಯ ಕಾಗದ ಎಲ್ಲಿ ಹೋಗಿ ಕೂರುತ್ತದೋ ಯಾರು ಬಲ್ಲರು.

"ಮ್ಯಾಲಿನ ಬಟ್ಟಲದಾಗ ಪಲ್ಯ ಹಾಕಬ್ಯಾಡ ಇವತ್ತ," ಎಂದು ಅವನು ಹೊರಗಿನಿಂದಲೇ ಕೂಗಿದ.

"ಯಾಕ್ರಿ?"

"ಹೊಟ್ಟಿ ಭಾರ ಆಗೈತಿ. ಚಟ್ನಿ ಸಾಕು."

ಒಳಗೆ ಯಾವುದೋ ಡಬ್ಬಿಯ ಮುಚ್ಚಳ ತೆಗೆದು ಹಾಕಿದ ಸದ್ದಾಯಿತು. ಆಮೇಲೆ ಡಬ್ಬಿಯ ಕೊಂಡಿ ಹಾಕಿದ ಸದ್ದು. ಯಶೋಧರಾ ಬಂದು ಡಬ್ಬಿಯ ಚೀಲವನ್ನು ಅವನ ಕೈಗೆ ಕೊಡದೆ ಎಂದಿನಂತೆ ಖುರ್ಚಿಯ ಮೇಲೆ ಇಟ್ಟಳು. ಜಂಪರಿನ ತೋಳು ಒದ್ದೆಯಾಗಿತ್ತು. ಮೂರು ವರ್ಷದಿಂದ ಅವರಿಬ್ಬರ ನಡುವೆ ಸಾಮಾನುಗಳು ಹೀಗೇ, ಖುರ್ಚಿಯ ಮೇಲೋ ಕಟ್ಟೆಯ ಮೇಲೋ ಇಳಿದು, ಅಲ್ಲಿಂದ ದಾಟುತ್ತಿದ್ದವು. ಜಗಳವೇನಿಲ್ಲ. ಅವಳ ಗರ್ಭಕೋಶ ತೆಗೆಸಿದಾಗ ಡಾಕ್ಟರು ಮೂರು ತಿಂಗಳು ಜೋಪಾನ ಅಂದಿದ್ದರು. ತಾನು ನಿದ್ದೆಯಲ್ಲಿ ಹೊರಳಿ ಎಲ್ಲಿ ಕೈ ಕಾಲು ತಾಗಿಸುತ್ತೇನೋ ಎಂದು ಧರ್ಮರಾಜ ಹಾಸಿಗೆಯನ್ನು ಹೊರಗಿನ ಕೋಣೆಗೆ ಹೊತ್ತು ತಂದ. ಮೂರು ತಿಂಗಳು ಮುಗಿದವು. ಒಳಗೆ ಬರ್ರಿ ಎಂದು ಅವಳು ಕರೆಯಲಿಲ್ಲ, ಬರಲೇನು ಎಂದು ಇವನು ಕೇಳಲಿಲ್ಲ. ಕೇಳಿದರೆ ಅವಳಿಗೆ ನೋವಾದೀತು ಅಂತ ಇವನು ಅಂದುಕೊಂಡ. ಅವಳೇನು ಅಂದುಕೊಂಡಳೋ ಗೊತ್ತಿಲ್ಲ. ಹಾಸಿಗೆ ಹೊರಗೇ ಬೇರು ಬಿಟ್ಟಿತು. ಮಗಳು ಮಾಲಾ ತವರಿಗೆ ಬಂದಾಗ, ಅಪ್ಪ ಯಾಕ ಹೊರಗ ಮಲಗ್ತಾನ ಎಂದು ಕೇಳಿದ್ದಕ್ಕೆ ಯಶೋಧರಾ ನಗುತ್ತ, ಗೊರಕಿ ಬೇ, ಅಂದಿದ್ದಳು. ಧರ್ಮರಾಜನಿಗೆ ಗೊರಕೆ ಇಲ್ಲ.

ಸ್ಕೂಟರು ಸ್ಟೇಶನ್ ರಸ್ತೆಗೆ ಬಂದಾಗ, ಉತ್ತತ್ತಿ ಅಡಿಕೆ ಕೊಳ್ಳಬೇಕು ಎಂಬುದು ಒಮ್ಮೆ ನೆನಪಾಯಿತು. ಪಟ್ಟಿಯಲ್ಲಿ ಅವೂ ಇದ್ದವು, ಅಕ್ಕಿಯ ಜೊತೆ ಅವನ್ನೂ ಇಲಿ ಕಡಿದು ಹಾಳು ಮಾಡಿದ್ದವು. ಉತ್ತತ್ತಿ ಐದು, ಅರಿಷಿಣ ಕೊಂಬು ಒಂದು, ಅಡಿಕೆ ಎರಡು, ಕುಪ್ಪಸದ ಖಣ ಒಂದು. ಪಂಚನಾಮೆ ಬಂದ ದಿನ ಸಂಜೆ ಅವನು ಅದರ ಪಟ್ಟಿಯನ್ನು ಯಶೋಧರಾಳಿಗೆ ಓದಿ ಹೇಳಿದ್ದ. ಜೋಳ ಹಸನು ಮಾಡುತ್ತ ಕುಳಿತಿದ್ದವಳು ಮೊರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು. ಇಬ್ಬರೂ ಕೂಡಿ ನಕ್ಕದ್ದು ಅದೇ ಕಡೆಯ ಸಲ ಇರಬೇಕು. ನಗುವಂಥದ್ದೇ ಆ ಕಥೆ. ಘೋಣಸಗಿಯ ತುಕಾರಾಮನಿಗೆ ನಲವತ್ತು ವರ್ಷ. ಅವನ ಹಿರಿಯರು ಕುರಿ ಕಾಯ್ದರು, ಅವನು ದ್ರಾಕ್ಷಿ ಬೆಳೆಯುತ್ತಾನೆ, ಒಣಗಿಸಿ ಒಳ್ಳೆಯ ಮಣೂಕ ಮಾಡುತ್ತಾನೆ. ಆದರೆ ಹೊಲ ಮಾಡುವವನಿಗೆ ಹೆಣ್ಣು ಕೊಡುವವರಿಲ್ಲ. ಹದಿನೈದು ಮನೆಯಲ್ಲಿ ಅವಲಕ್ಕಿ ತಿಂದು ಎದ್ದುಬಂದ ಮೇಲೆ ಫೋನಿನಲ್ಲಿ ಈ ಬೊಂಬೆಯನ್ನು ತರಿಸಿದ. ತಿಕೋಟಾಕ್ಕೆ ಬಂದ ಉದ್ದನೆಯ ಪೆಟ್ಟಿಗೆಯನ್ನು, ಔಷಧ ಹೊಡೆಯುವ ಯಂತ್ರ ಅಂತ ಹೇಳಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗಿ, ದ್ರಾಕ್ಷಿ ಒಣಗಿಸುವ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಇಟ್ಟ. ಆರು ತಿಂಗಳು ಯಾರಿಗೂ ತಿಳಿಯಲಿಲ್ಲ, ಅವನ ತಾಯಿ ಹುಚ್ಚವ್ವನ ಹೊರತು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಆ ಮುದುಕಿ ಬೊಂಬೆಗೆ ತನ್ನ ಇಳಕಲ್ ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಕುಂಕುಮ ಹಚ್ಚಿದ್ದಳು.

ಅವನ ದಾಯಾದಿ ಸೋಮು ಕಿಟಕಿಯಿಂದ ಇಣುಕಿದ, ದೂರು ಕೊಟ್ಟ. ಹೆಣ್ಣುಮಕ್ಕಳು ದುಡಿಯುವ ಜಾಗದಲ್ಲಿ ಅಶ್ಲೀಲ ವಸ್ತು ಇಟ್ಟಿದ್ದಾನೆ ಎಂದು. ಠಾಣೆಯಲ್ಲಿ ಕಾನೂನು ಪುಸ್ತಕ ತಿರುವಿ ತಿರುವಿ ಸುಸ್ತಾದರಂತೆ. ಗಂಡು ಹೆಣ್ಣಿಗೆ ಮಾಡುವ ತಪ್ಪು ಇತ್ತು, ಬಲವಂತ ಇತ್ತು, ಮೋಸದ ಮದುವೆ ಇತ್ತು. ಬೇಡ ಎನ್ನಲಾರದ, ಬೇಕು ಎನ್ನಲೂ ಆರದ, ಜೀವವೇ ಇಲ್ಲದ ಒಂದು ದೇಹದ ಜೊತೆ ಒಬ್ಬ ಮನುಷ್ಯ ಬಾಗಿಲು ಹಾಕಿಕೊಂಡು ಇದ್ದರೆ ಅದು ಯಾರ ಮೇಲಿನ ತಪ್ಪು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಕಡೆಗೆ ಅಶ್ಲೀಲ ವಸ್ತುವಿನ ಪ್ರದರ್ಶನ ಎಂಬ ಕಲಂ ಸಿಕ್ಕಿತು. ಬೊಂಬೆಯನ್ನು ಹೊತ್ತು ಟೆಂಪೋಕ್ಕೆ ಹಾಕುವಾಗ ಹುಚ್ಚವ್ವ ಅಡ್ಡ ನಿಂತಳು. ಮನೆಯಿಂದ ಹೊರಟ ಹೆಣ್ಣನ್ನು ಬರಿಯ ಉಡಿಯಲ್ಲಿ ಕಳಿಸಬಾರದು ಅಂದಳು. ಪೊಲೀಸರು ನೋಡುತ್ತಿದ್ದಂತೆಯೇ ಅಕ್ಕಿ, ಉತ್ತತ್ತಿ, ಖಣ ತಂದು ಬೊಂಬೆಯ ಉಡಿ ತುಂಬಿದಳು. ಬರೆಯುತ್ತಿದ್ದ ಪೊಲೀಸಪ್ಪ ಹೊಸಬ, ಮಾಲಿನ ಮೈಮೇಲೆ ಇದ್ದದ್ದನ್ನೆಲ್ಲ ಬರೆಯಬೇಕು ಎಂಬ ಪಾಠ ಹಸಿಯಾಗಿತ್ತು. ಅಕ್ಕಿಯನ್ನೂ ಬರೆದ, ಅಡಿಕೆಯನ್ನೂ ಬರೆದ. ಹೀಗೆ ಹುಚ್ಚವ್ವನ ಉಡಿ ಸರಕಾರಿ ಸೀಲಿನೊಳಗೆ ಹೋಯಿತು.

ಇದನ್ನೆಲ್ಲ ನೆನೆಯುತ್ತ ಬಂದವನಿಗೆ ಉತ್ತತ್ತಿ ಕೊಳ್ಳುವುದು ಮರೆತೇ ಹೋಗಿತ್ತು. ಕೋರ್ಟಿನ ಬೇವಿನ ಮರದ ಕೆಳಗೆ ಸ್ಕೂಟರು ನಿಲ್ಲಿಸುವಾಗ ದಲಾಯತ ಸಿಕಂದರ ಎದುರು ಬಂದು ಮುದ್ದೆಮಾಲು ಕೋಣೆಯತ್ತ ಕಣ್ಣು ಹೊಡೆದ.

"ವೈನಿ ಇವತ್ತ ಊರಿಗಿ ಹೊಂಟಾರೇನ್ರಿ, ಧರ್ಮರಾಜಣ್ಣ?"

ಹದಿನಾಲ್ಕು ತಿಂಗಳಿಂದ ಸಿಕಂದರನದು ಬೊಂಬೆಯನ್ನು ಅತ್ತಿಗೆ ಮಾಡುವ ಇದೇ ಚೇಷ್ಟೆ. ಮೊದಮೊದಲು ಧರ್ಮರಾಜ ನಗುತ್ತಿದ್ದ. ಏಪ್ರಿಲಿನಿಂದ ಈಚೆಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕತ್ತಿನ ಹಿಂದೆ ಬಿಸಿಯಾಗುತ್ತದೆ. ಇವನಿಗೇನಾದರೂ ಗೊತ್ತಿದೆಯೇ, ಕಿಟಕಿಯಿಂದ ನೋಡಿದ್ದನೇ ಎಂದು ಮುಖ ಹುಡುಕುತ್ತಾನೆ. ಸಿಕಂದರನ ಮುಖದಲ್ಲಿ ತಂಬಾಕಿನ ಹೊರತು ಏನೂ ಇರುವುದಿಲ್ಲ. "ಮೇಡಮ್ಮಾರು ಬಂದಾರೇನು?" ಎಂದಷ್ಟೇ ಕೇಳಿ ಅವನು ಬೀಗದ ಕೈ ತೆಗೆದ.

ಕೋಣೆಯ ಮೇಲೆ ಬರಿಯ ಚಪ್ಪಡಿ, ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಉಸಿರು ಬಿಸಿಯಾಗುತ್ತದೆ. ಏಪ್ರಿಲಿನ ಆ ಮಧ್ಯಾಹ್ನವೂ ಹಾಗೇ ಇತ್ತು. ಮೂಲೆಯ ಗೋಣಿತಟ್ಟಿನ ಕಟ್ಟಿನಿಂದ ಕರಕರ ಸದ್ದು ಬರುತ್ತಿತ್ತು, ಹೋಗಿ ನೋಡಿದರೆ ಇಲಿ ತಟ್ಟನ್ನು ಕಡಿದು ಒಳಗೆ ಸೇರಿ ಅಕ್ಕಿ ತಿನ್ನುತ್ತಿದೆ, ಇನ್ನೆರಡು ದಿನ ಬಿಟ್ಟರೆ ಬೊಂಬೆಯ ಹೊಟ್ಟೆಯನ್ನೇ ಕಡಿಯುತ್ತದೆ. ಅರ್ಜಿ ಬರೆದು, ಅಪ್ಪಣೆ ಬರುವ ತನಕ ಕಾಯಬೇಕಿತ್ತು. ಮೂವತ್ತನಾಲ್ಕು ವರ್ಷ ಅವನು ಕಾಯ್ದವನೇ. ಅಂದು ಯಾಕೋ ಕಾಯಲಾಗಲಿಲ್ಲ. ಸೀಲು ಒಡೆದ, ಇಲಿ ಓಡಿಸಿದ, ಅಕ್ಕಿ ಕೊಡವಿದ, ಹೊಲಸಾದ ಸೀರೆ ಬಿಚ್ಚಿ ಕಣ್ಣು ಬೇರೆಡೆ ತಿರುಗಿಸಿಕೊಂಡೇ ಗೋಣಿ ಹೊದಿಸಿದ. ಕಟ್ಟುವಾಗ ಒಂದು ಕೈ ಹೊರಗೆ ಉಳಿಯಿತು. ಒಳಗೆ ಸೇರಿಸಲೆಂದು ಹಿಡಿದ. ಕೈ ಬೆಚ್ಚಗಿತ್ತು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕೋಣೆಯೊಳಗಿನ ಕುಡುಗೋಲೂ ಬೆಚ್ಚಗಿತ್ತು, ಅದು ಅವನಿಗೆ ಗೊತ್ತು. ಆದರೂ ಆ ಬೆಚ್ಚಗೆ ಬೇರೆ ಅನಿಸಿತು, ಸಣ್ಣ ಜ್ವರ ಬಂದ ಮನುಷ್ಯರ ಕೈಯಂತೆ. ಬೆರಳು ಒತ್ತಿದಲ್ಲಿ ತಗ್ಗಿತು, ಬಿಟ್ಟಲ್ಲಿ ಎದ್ದಿತು. ಅವನು ಕೈಯನ್ನು ಗೋಣಿಯೊಳಗೆ ಸೇರಿಸಲಿಲ್ಲ. ಒಂದು, ಎರಡು, ಎಂದು ಎಣಿಸತೊಡಗಿದ. ಹೆದರಿದಾಗ ಎಣಿಸುವುದು ಅವನ ಅಭ್ಯಾಸ. ಆಪರೇಷನ್ ಕೋಣೆಯ ಹೊರಗೆ ಯಶೋಧರಾಳಿಗಾಗಿ ಕಾಯುವಾಗಲೂ ಹೀಗೇ ಎಣಿಸಿದ್ದ, ಸಾವಿರ ದಾಟಿಸಿದ್ದ. ಇಲ್ಲಿ ಹತ್ತಕ್ಕೆ ಎಚ್ಚರವಾಯಿತು. ಕೈ ಬಿಟ್ಟು, ಬೀಗ ಹಾಕಿ, ಬೇವಿನ ಕೆಳಗೆ ನಿಂತು ಎರಡು ತಂಬಿಗೆ ನೀರು ಕುಡಿದ.

ಅಷ್ಟೇ ಆದದ್ದು. ಯಾರಿಗೆ ಹೇಳಿದರೂ ನಕ್ಕಾರು. ಆದರೆ ಆ ಭಾನುವಾರ ಬುದ್ಧವಿಹಾರದಲ್ಲಿ ಎಲ್ಲರ ಜೊತೆ ಪಂಚಶೀಲ ಹೇಳುವಾಗ ಮೂರನೆಯ ಶೀಲಕ್ಕೆ ಬಂದು ಅವನ ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ಕಾಮದಲ್ಲಿ ತಪ್ಪು ನಡೆಯೆನು ಎಂಬ ಮಾತು ರಬ್ಬರಿನ ಕೈಗೂ ಹತ್ತುತ್ತದೆಯೇ ಎಂದು ಯಾರನ್ನು ಕೇಳುವುದು? ಬೊಂಬೆಗೆ ತಪ್ಪು ಮಾಡಿದ್ದಲ್ಲ ಎಂದು ಅವನಿಗೆ ನಿಧಾನಕ್ಕೆ ಹೊಳೆಯಿತು. ಮೂರು ವರ್ಷ ಮನೆಯಲ್ಲಿ ಒಂದು ಕೈ ಇತ್ತು, ಅದನ್ನು ಹತ್ತು ಎಣಿಸುವಷ್ಟು ಹೊತ್ತೂ ಹಿಡಿಯದೆ ಇಲ್ಲಿ ಬಂದು ಎಣಿಸಿದೆನಲ್ಲ. ಅಂದು ಹೊಲಸಾದ ಇಳಕಲ್ ಸೀರೆಯನ್ನೂ ಖಣವನ್ನೂ ಚೀಲದಲ್ಲಿ ತುರುಕಿಕೊಂಡು ಮನೆಗೆ ಒಯ್ದ, ಆಫೀಸಿನ ಯಾವುದೋ ಮಾಲು, ತೊಳಿಬೇಕು ಅಂದ. ಯಶೋಧರಾ ಅದನ್ನು ಬಚ್ಚಲಿಗೆ ಒಯ್ದಳು. ಎರಡು ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮಡಿಕೆ ಹಾಕಿ ಖುರ್ಚಿಯ ಮೇಲೆ ಇಟ್ಟಳು.

ಈಗ ಅವನು ಕಟ್ಟು ಬಿಚ್ಚಿ, ಆ ಸೀರೆಯನ್ನು ಬೊಂಬೆಗೆ ಸುತ್ತಿ, ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೇಲಿನ ಬಟ್ಟಲ ಮುಚ್ಚಳ ತೆಗೆದ. ಅಕ್ಕಿಯ ನಡುವೆ ಐದು ಉತ್ತತ್ತಿ ಇದ್ದವು. ಒಂದು ಅರಿಷಿಣ ಕೊಂಬು, ಎರಡು ಅಡಿಕೆ. ಅವನು ಹಾಕಿದ್ದಲ್ಲ. ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಳಿತ. ಪಟ್ಟಿ ಅವಳಿಗೆ ಬಾಯಿಪಾಠವಿತ್ತು. ಇವತ್ತಿನ ತಾರೀಖೂ ಗೊತ್ತಿತ್ತು, ಸೀರೆ ಯಾರದೆಂದೂ ಗೊತ್ತಿತ್ತು, ಗಂಡ ಅಕ್ಕಿ ಕದ್ದದ್ದೂ ಗೊತ್ತಿತ್ತು. ಗಂಡ ಮರೆತದ್ದನ್ನು ತಾನು ಹಾಕಿ ಕೊಂಡಿ ಹಾಕಿದ್ದಳು. ಇನ್ನು ಏನನ್ನು ಮುಚ್ಚಿಟ್ಟು ಏನು ಬಂತು? ಮನೆಯಲ್ಲಿ ಬಯಲಾದದ್ದನ್ನು ಕೋರ್ಟಿನಲ್ಲಿ ಬಚ್ಚಿಡುವುದು, ಅದೂ ಮನೆಯ ಅಕ್ಕಿಯನ್ನೇ ಜಪ್ತಿಯ ಅಕ್ಕಿ ಎಂದು ತೋರಿಸಿ, ಅವನಿಗೆ ಒಮ್ಮೆಗೇ ಬಹಳ ದೊಡ್ಡ ಕೆಲಸ ಅನಿಸಿತು. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ.

ಮ್ಯಾಜಿಸ್ಟ್ರೇಟರು ಮೈಸೂರು ಕಡೆಯ ಹೆಣ್ಣುಮಗಳು, ಮೆಲ್ಲಗೆ ಮಾತಾಡುವವರು. ಸಿಕಂದರ ಮತ್ತು ಧರ್ಮರಾಜ ಬೊಂಬೆಯನ್ನು ಎತ್ತಿ ತಂದು ಬೆಂಚಿನ ಮೇಲೆ ಕೂರಿಸಿದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಕ್ಕವರನ್ನು ಅವರು ಒಮ್ಮೆ ನೋಡಿದರು, ನಗು ನಿಂತಿತು. ಸೀರೆ ಉಟ್ಟು ತಲೆ ತುಸು ಬಾಗಿಸಿ ಕುಳಿತ ಬೊಂಬೆ, ಸಾಕ್ಷಿ ಹೇಳಲು ಬಂದು ಸರದಿಗೆ ಕಾಯುತ್ತಿರುವ ಹಳ್ಳಿಯ ಹೆಂಗಸಿನ ಹಾಗೆ ಕಾಣುತ್ತಿತ್ತು.

"ಸೀಲು ಎಲ್ಲಿ?" ಎಂದು ಕೇಳಿದರು ಮೇಡಂ.

"ನಾನ ಒಡದೇನ್ರಿ." ಧರ್ಮರಾಜನ ದನಿ ಅವನಿಗೇ ಅಪರಿಚಿತವಾಗಿತ್ತು. "ಏಪ್ರಿಲ್ ತಿಂಗಳದಾಗ. ಉಡ್ಯಾಗಿನ ಅಕ್ಕಿಗಿ ಇಲಿ ಬಂದಿದ್ವು. ಅಪ್ಪಣೆ ಕೇಳಿಲ್ರಿ, ನಂದ ತಪ್ಪು. ಅಕ್ಕಿ, ಉತ್ತತ್ತಿ, ಅಡಿಕಿ ಹಾಳಾಗ್ಯಾವ. ಸೀರಿ, ಖಣ ಮನಿಗಿ ಒಯ್ದು ತೊಳಿಸಿ ತಂದೇನಿ."

"ಹದಿನಾಲ್ಕು ತಿಂಗಳು ನಿಮ್ಮ ಕೋಣೆಯಲ್ಲಿತ್ತು. ಇದರಿಂದ ಅಲ್ಲಿ ಯಾರಿಗಾದರೂ ತೊಂದರೆ ಆಯಿತೇ?"

ಅವನು ಯೋಚಿಸಿದ. "ಇಲಿಯಿಂದ ಇದಕ್ಕ ತೊಂದರಿ ಆತ್ರಿ. ಇದರಿಂದ ಯಾರಿಗೂ ಆಗಿಲ್ಲ." ಅನ್ನುವಾಗ ಕತ್ತಿನ ಹಿಂದೆ ಬಿಸಿಯಾಯಿತು. ಮೇಡಂ ಏನೋ ಬರೆದುಕೊಂಡು, ನಾಳೆಯೊಳಗೆ ಲಿಖಿತ ವಿವರಣೆ ಕೊಡಿ, ಅಂದರು. ಕೂಗಾಡಲಿಲ್ಲ. ಇಷ್ಟು ದಿನ ಹೆದರಿದ್ದು ಈ ಎರಡು ಸಾಲಿಗೇನು ಎಂದು ಧರ್ಮರಾಜನಿಗೆ ನಂಬಿಕೆಯೇ ಬರಲಿಲ್ಲ.

ಸರಕಾರಿ ವಕೀಲ ಭೀಮಾಶಂಕರ ಎದ್ದರು. ಅವರು ದಡ್ಡರಲ್ಲ, ಕೇಳುವಂಥದ್ದನ್ನೇ ಕೇಳಿದರು. "ಇವತ್ತ ಇದು ಸುಮ್ಮನ ಕುಂತೈತ್ರಿ ಮೇಡಂ. ನಾಳಿ ಮಾತಾಡುವಂಥದ್ದು ಬರ್ತೈತಿ. ಯಾವನರ ಬಾಜೂ ಮನಿ ಹೆಣ್ಣಮಗಳ ಫೋಟೋ ಕಳಿಸಿ, ಆಕಿ ಮುಖದ್ದ ಒಂದು ಮಾಡಿಸಿಕೊಂಡ್ರ? ಆ ಹೆಣ್ಣಮಗಳ ಮಾನದ ಗತಿ ಏನು? ಕಾನೂನು ಇವತ್ತ ಬಾಗಲಾ ತೆಗದ್ರ ನಾಳಿ ಹಾಕಾಕ ಬರಾಂಗಿಲ್ರಿ."

"ನಿಮ್ಮ ಪ್ರಶ್ನೆ ದೊಡ್ಡದು, ನಿಜವಾದದ್ದು," ಅಂದರು ಮೇಡಂ. "ಅಂಥ ಹೆಣ್ಣುಮಗಳು ಬಂದ ದಿನ ಅವಳ ಪರವಾಗಿ ಕೇಳೋಣ. ಅವತ್ತಿಗೆ ಕಾನೂನು ಹೊಸದಾಗಿ ಬರೆಯಬೇಕಾಗುತ್ತದೆ. ತುಕಾರಾಮ, ಈ ಮುಖ ಯಾರದು?"

ತುಕಾರಾಮ ಟೊಪ್ಪಿಗೆಯನ್ನು ಕೈಯಲ್ಲಿ ಹಿಸುಕುತ್ತ ನಿಂತಿದ್ದ. "ಯಾರದೂ ಅಲ್ರಿ. ನಾ ಮುಖ ಆರಿಸಿಲ್ರಿ. ಅವರು ಕಳಿಸಿದ್ದು ಬಂತು."

"ಹೊರಗಿನವರಿಗೆ ತೋರಿಸಿದ್ದೆಯಾ?"

"ಇಲ್ರಿ. ನಮ್ಮವ್ವಗ ಬಿಟ್ರ ಯಾರಿಗೂ ತೋರಿಸಿಲ್ಲ. ಅಕಿಗಿ ಕಣ್ಣ ಕಾಣಾಂಗಿಲ್ಲ."

ಈ ಸಲ ನಗು ತಡೆಯಲು ಮೇಡಂ ಕೂಡ ತಲೆ ತಗ್ಗಿಸಿ ಕಾಗದ ನೋಡಿದರು. ಮನೆಯೊಳಗೆ ಇಟ್ಟುಕೊಳ್ಳುವುದನ್ನು ಪ್ರದರ್ಶನ ಎನ್ನುವುದು ಹೇಗೆ ಎಂದು ಕೇಳಿದರು. ತೆರೆದ ಟೆಂಪೋದಲ್ಲಿ ಹಾಕಿ ತಿಕೋಟಾದ ಸಂತೆಯ ನಡುವೆ ಇದನ್ನು ತಂದವರು ಯಾರು, ಅವತ್ತು ಎಷ್ಟು ಜನ ಫೋಟೋ ತೆಗೆದರು ಎಂದೂ ಕೇಳಿದರು. ಭೀಮಾಶಂಕರ ಕುಳಿತುಕೊಂಡರು. ಹೆಣ್ಣಾಳುಗಳು ದುಡಿಯುವ ಶೆಡ್ಡಿನ ಹತ್ತಿರ ಇಡದೆ ಮನೆಯೊಳಗೆ ಇಟ್ಟುಕೊಳ್ಳುವೆನೆಂದು ತುಕಾರಾಮ ಬರೆದುಕೊಡಬೇಕು, ಪ್ರಕರಣ ಮುಕ್ತಾಯ, ಮಾಲು ವಾಪಸು. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲ ಮುಗಿಯಿತು.

ಬೇವಿನ ಕೆಳಗೆ ಹುಚ್ಚವ್ವ ಕೌದಿ ಹಿಡಿದು ಕುಳಿತಿದ್ದಳು. ಈ ಸಲ ಟೆಂಪೋಕ್ಕೆ ತಾಡಪಾಲು ಕಟ್ಟಿಸಿಕೊಂಡೇ ಬಂದಿದ್ದರು. ಬೊಂಬೆಯನ್ನು ತಂದು ಪಕ್ಕದಲ್ಲಿ ಇಟ್ಟಾಗ ಮುದುಕಿಯ ಕೈ ಸೀರೆಯ ನೆರಿಗೆ ಸವರಿ, ಬಳೆ ಎಣಿಸಿ, ಉಡಿಯ ಹತ್ತಿರ ಬಂದು ನಿಂತಿತು.

"ಉಡಿ ಬರಿದ ಐತಲ್ಲ, ತಮ್ಮಾ."

"ಇಲಿ ತಿಂದ್ವು ಯವ್ವಾ," ಅಂದ ಧರ್ಮರಾಜ. ಅವನಿಗೆ ತಡೆಯಲಾಗಲಿಲ್ಲ, ಮೆಲ್ಲಗೆ ಕೇಳಿದ. "ಯವ್ವಾ, ಇದು ಬೊಂಬಿ. ಗೊತ್ತೈತಿಲ್ಲ?"

"ಗೊತ್ತಿಲ್ಲದನ? ಆಷಾಢದಾಗ ಮಣ್ಣಿನ ಗುಳ್ಳವ್ವನ ಮಾಡ್ತೀವಿ, ಉಡಸ್ತೀವಿ, ಉಣಸ್ತೀವಿ. ಮಣ್ಣ ಅಂತ ಗೊತ್ತಿರೂದಿಲ್ಲೇನು?" ಹುಚ್ಚವ್ವ ನಕ್ಕಳು. ಮಗ ಅತ್ತ ಟೆಂಪೋದ ಹಗ್ಗ ಬಿಚ್ಚುತ್ತಿರುವುದನ್ನು ಸದ್ದಿನಿಂದ ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು. "ಅಂವ ವರ್ಷಗಟ್ಟಲೆ ಬಾಯಿ ಬಿಡಲಾರದಂವ. ಇದರ ಕೂಡ ಮಾತಾಡಿ ಮಾತಾಡಿ ಮಾತ ಕಲತ. ಆಮ್ಯಾಲ ನನ್ನ ಕೂಡಾನೂ ಮಾತಾಡಾಕ ಹತ್ತಿದ. ನನಗ ಅಷ್ಟ ಸಾಕು. ಮಂದಿ ಏನರ ಅನ್ನಲಿ."

ಧರ್ಮರಾಜ ಒಳಗೆ ಹೋಗಿ ಊಟದ ಡಬ್ಬಿಯ ಮೇಲಿನ ಬಟ್ಟಲು ತಂದ. "ಇದು ಜಪ್ತಿ ಅಕ್ಕಿ ಅಲ್ಲ ಯವ್ವಾ. ನಮ್ಮ ಮನೀದು."

"ಯಾರ ಪೈಕಿ ತಮ್ಮಾ ನೀವು?"

ಕೇಳಬಾರದ್ದೇನಲ್ಲ, ಎಲ್ಲರೂ ಕೇಳುವುದೇ. ಆದರೂ ಅವನ ಕೈ ತಡೆಯಿತು. ಕಾಖಂಡಕಿಯಲ್ಲಿ ಅವನ ತಾಯಿ ಸೀತವ್ವ ದೊಡ್ಡ ಮನೆಗಳ ಅಂಗಳದಲ್ಲಿ ಉಡಿ ಒಡ್ಡಿ ನಿಂತರೆ ಅವರು ಜೋಳವನ್ನು ಮೇಲಿನಿಂದ ಬಿಡುತ್ತಿದ್ದರು, ಕೈ ತಾಗದ ಹಾಗೆ. ಕೆಳಗೆ ಬಿದ್ದ ಕಾಳನ್ನು ಅವನು ಆರಿಸುತ್ತಿದ್ದ. ಆಮೇಲೆ ಮನೆಯಲ್ಲಿ ಧಮ್ಮ ಬಂತು, ಉಡಿ ತುಂಬುವುದು, ಕುಂಕುಮ, ಎಲ್ಲ ಬಿಟ್ಟರು. "ನಾವು ಬೌದ್ಧರು ಯವ್ವಾ. ಕಾಖಂಡಕಿ ಮರೆಪ್ಪನ ಮಗ ನಾ," ಅಂದ, ಅಂದು ಕಾದ.

ಹುಚ್ಚವ್ವ ಬಟ್ಟಲನ್ನು ಎರಡೂ ಕೈಯಿಂದ, ಅವನ ಬೆರಳು ಸಹಿತ, ಹಿಡಿದುಕೊಂಡಳು. ಅಕ್ಕಿಯಲ್ಲಿ ಕೈಯಾಡಿಸಿ ಉತ್ತತ್ತಿ ಎಣಿಸಿದಳು. "ಕಟ್ಟಿ ಕೊಟ್ಟಾಕಿ ಶಾಣ್ಯಾಕಿ ಅದಾಳ. ಅರಿಷಿಣ ಕೊಂಬ ಸುದ್ದಾ ಮರತಿಲ್ಲ. ಆಕಿ ಉಡಿ ತಣ್ಣಗಿರಲಿ." ಬೊಂಬೆಯ ಸೆರಗಿನಲ್ಲಿ ಅಕ್ಕಿ ಸುರಿದು ಗಂಟು ಹಾಕಿದಳು. ಉಡಿ ತಣ್ಣಗಿರಲಿ ಎಂಬ ಮಾತು ಎಲ್ಲ ಹೆಂಗಸರೂ ಆಡುವುದೇ. ಧರ್ಮರಾಜನಿಗೆ ಮಾತ್ರ ಅದು ಮೂರು ವರ್ಷದ ಹಿಂದಿನ ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಯಶೋಧರಾಳಿಗೆ ಈಗ ತಲುಪಿದ ಮಾತು ಅನಿಸಿತು. ಟೆಂಪೋ ಹೋಯಿತು. ಸಿಕಂದರ ಪಕ್ಕ ಬಂದು ನಿಂತ, ಚೇಷ್ಟೆ ಮಾಡಲಿಲ್ಲ.

ಸಂಜೆ ಬೆಳಕಿದ್ದಾಗಲೇ ಅವನು ಮನೆಗೆ ಬಂದ. ಯಶೋಧರಾ ರೊಟ್ಟಿ ಬಡಿಯುತ್ತಿದ್ದಳು. ಅವನು ಡಬ್ಬಿಯನ್ನು ಖುರ್ಚಿಯ ಮೇಲೆ ಇಡದೆ ಅಡುಗೆಮನೆಯ ಹೊಸ್ತಿಲ ತನಕ ತಂದು, ಅಲ್ಲಿಯೇ ಕುಳಿತ.

"ಕೊಟ್ರೇನ್ರಿ ಆಕಿನ್ನ?" ಎಂದು ಅವಳೇ ಕೇಳಿದಳು, ತಟ್ಟೆಯಿಂದ ಕಣ್ಣೆತ್ತದೆ.

"ಕೊಟ್ರು. ನಾ ಸೀಲ ಒಡದದ್ದು ಹೇಳಿದೆ. ಬರದು ಕೊಡು ಅಂದಾರ."

"ಚೊಲೊ ಆತು. ಉತ್ತತ್ತಿ ಸಾಕಾದ್ವು?"

"ಸಾಕಾದ್ವು." ಇಲ್ಲ, ಇನ್ನೂ ಮುಗಿಯಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೋರ್ಟಿನಲ್ಲಿ ಹೇಳಿದ್ದು ಸುಲಭದ ಅರ್ಧ. "ಇನ್ನೊಂದು ಐತಿ. ಅಲ್ಲಿ ಹೇಳಿಲ್ಲ. ಇಲಿ ಓಡಸೂಮುಂದ ಅದರ ಕೈ ಹಿಡದಿದ್ದೆ. ಕಟ್ಟೂ ಸಲುವಾಗಿ ಹಿಡದೆ, ಆಮ್ಯಾಲ ಬಿಡಲಿಲ್ಲ. ಬೆಚ್ಚಗ ಇತ್ತು." ತುಸು ತಡೆದು ಅಂದ, "ನಿನ್ನ ಕೈ ಹೆಂಗಿತ್ತು ಅನ್ನೂದು ನೆನಪ ಆಗಲಿಲ್ಲ ನನಗ. ಅದಕ್ಕ ಬಿಡಲಿಲ್ಲೋ ಏನೋ."

ರೊಟ್ಟಿ ಬಡಿಯುವ ಸದ್ದು ನಿಂತಿತು. ತವೆಯ ಮೇಲಿನ ರೊಟ್ಟಿ ಉಬ್ಬಿತು, ಅವಳು ಅದನ್ನು ಮಗುಚಿ ಹಾಕಿದಳು, ಬೇಯಿಸಿದಳು, ತೆಗೆದು ಬುಟ್ಟಿಗೆ ಹಾಕಿದಳು, ಒಲೆ ಆರಿಸಿದಳು. ಎಲ್ಲ ಸಾವಕಾಶ.

"ಎಷ್ಟೊತ್ತ ಹಿಡದಿದ್ರಿ?"

"ಹತ್ತ ಎಣಸೂತನ."

"ಎಣಿಸಿದ್ರಿ?"

"ಎಣಿಸಿದ್ದೆ."

ನೀವು ಹೊರಗ ಹಾಸಿಗಿ ಒಯ್ದ ದಿನಾ ನಾನೂ ಎಣಿಸಿದ್ದೆ, ಎಂದು ಅವಳು ಅಂದದ್ದು ಎಷ್ಟು ಮೆಲ್ಲಗೆಂದರೆ ಅವನಿಗೆ ಕೇಳಿಸಿತೋ ಇಲ್ಲವೋ. ಆಮೇಲೆ ಮಣೆ ಸರಿಸಿಕೊಂಡು ಹೊಸ್ತಿಲ ಹತ್ತಿರ ಬಂದು ಕುಳಿತು, ಹಿಟ್ಟಿನ ಕೈಯನ್ನು ಸೀರೆಗೆ ಒರೆಸದೆ ಹಾಗೆಯೇ ಅವನ ಮುಂದೆ ಚಾಚಿದಳು.

"ಎಣಸ್ರಿ."

ಅವನು ಹಿಡಿದ. ಒಂದು ಕಡೆ ತವೆಯ ಬಿಸಿ, ಒಂದು ಕಡೆ ಹಿಟ್ಟಿನ ತಂಪು. ಅಂಗೈ ಒರಟಾಗಿತ್ತು, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ. ಒತ್ತಿದರೆ ತಿರುಗಿ ಒತ್ತುತ್ತಿತ್ತು. ಅವನು ತುಟಿಯೊಳಗೆ ಒಂದು, ಎರಡು ಅಂದ. ಏಳಕ್ಕೆ ಬಂದಾಗ ಯಶೋಧರಾ ಕೈಯನ್ನು ಬಿಗಿ ಮಾಡಿದಳು.

"ಅವಸರ ಮಾಡಬ್ಯಾಡ್ರಿ," ಅಂದಳು. "ಮೊದಲಿನಿಂದ ಎಣಸ್ರಿ."